ಅನುದಾನ ಬಂತು, ಬ್ಯಾಟರಿ ಬದಲಿಸುವವರು ಯಾರು?

ಪ್ರಶ್ನೆ: ನಮ್ಮ ಊರಿನಲ್ಲಿ ಸುಮಾರು ನೂರು ಮನೆಗಳಿವೆ. ಇಡೀ ಊರಿಗೆ ಸಾಲುವ ಸೌರ ಘಟಕ ಮತ್ತು ಬ್ಯಾಟರಿಗಾಗಿ ಸರ್ಕಾರದ ಅನುದಾನಕ್ಕೆ ಅರ್ಜಿ ಹಾಕಬೇಕೆಂದಿದ್ದೇವೆ. ಖರ್ಚಿನ ಬಹುಪಾಲು ಸರ್ಕಾರವೇ ಕೊಡುತ್ತದಂತೆ. ಇದರಿಂದ ವಿದ್ಯುತ್ ಕಂಪನಿಯ ಹಂಗು ತಪ್ಪುತ್ತದೆಯೇ? ಮೊದಲೇ ಏನೇನು ನೋಡಿಕೊಳ್ಳಬೇಕು?

ಉತ್ತರ: ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರು ಎಂದು ಗಾದೆ. ನಿಮ್ಮ ವಿಷಯದಲ್ಲಿ ದಯವಿಟ್ಟು ಮೊಳ ಹಾಕಿ. ಹಿತ್ತಲಿಗೆ ಹೋಗುವುದೂ ಬೇಡ, ಸಭೆಯಲ್ಲೇ ಹಾಕಿ.

ಇಂಥ ಅನುದಾನಗಳಲ್ಲಿ ಹೆಚ್ಚಿನವು ಘಟಕ ಕಟ್ಟಲು ಹಣ ಕೊಡುತ್ತವೆ, ನಡೆಸಲು ಕೊಡುವುದಿಲ್ಲ. ಸೌರ ಫಲಕ 25 ವರ್ಷ ಬಾಳುತ್ತದೆ. ಇನ್ವರ್ಟರ್ ಹತ್ತು, ಹನ್ನೆರಡು ವರ್ಷಕ್ಕೆ ಕೈಕೊಡುತ್ತದೆ. ಸೀಸ-ಆಮ್ಲದ ಬ್ಯಾಟರಿಯಾದರೆ ಐದಾರು ವರ್ಷ ಬಂದರೆ ದೊಡ್ಡದು; ಲಿಥಿಯಂ ಬ್ಯಾಟರಿ ಅದಕ್ಕಿಂತ ಹೆಚ್ಚು ಬಾಳುತ್ತದೆ, ಬೆಲೆಯೂ ಹೆಚ್ಚು. ಅಂದರೆ ಉದ್ಘಾಟನೆಯ ಫಲಕದ ಬಣ್ಣ ಮಾಸುವ ಮೊದಲೇ ದೊಡ್ಡ ಖರ್ಚೊಂದು ಎದುರಿಗೆ ನಿಂತಿರುತ್ತದೆ. ಆಗ ಅನುದಾನ ಕೊಟ್ಟ ಇಲಾಖೆಯ ಕಡತ ಮುಚ್ಚಿರುತ್ತದೆ.

ಒಂದು ಸಣ್ಣ ಲೆಕ್ಕ ಮಾಡಿ. ಬ್ಯಾಟರಿ ಆರು ವರ್ಷ ಬಾಳುತ್ತದೆ ಎಂದುಕೊಳ್ಳಿ, ಅಂದರೆ 72 ತಿಂಗಳು. ನೂರು ಮನೆಗಳಿಗೆ 7,200 ಮಾಸಿಕ ಕಂತುಗಳಾದವು. ಬ್ಯಾಟರಿಯ ಬೆಲೆಯನ್ನು 7,200ರಿಂದ ಭಾಗಿಸಿದರೆ ಬರುವ ಮೊತ್ತವನ್ನು ಪ್ರತಿ ಮನೆಯೂ ಪ್ರತಿ ತಿಂಗಳು ಎತ್ತಿಡಬೇಕು. ಘಟಕ ನೋಡಿಕೊಳ್ಳುವವರ ಸಂಬಳ, ಇನ್ವರ್ಟರ್‌ಗೆ ಕೂಡಿಡುವ ಹಣ, ವಿಮೆ, ಎಲ್ಲವೂ ಅದರ ಮೇಲೆ. ಈ ಮೊತ್ತವನ್ನು ಗಟ್ಟಿಯಾಗಿ ಓದಿ ಹೇಳಿದಾಗಲೂ ಊರು ಒಪ್ಪಿತೆಂದರೆ ಅರ್ಜಿ ಹಾಕಿ. ಒಪ್ಪದಿದ್ದರೆ ಅನುದಾನ ಎಷ್ಟೇ ದೊಡ್ಡದಿರಲಿ, ಮುಂದುವರಿಯಬೇಡಿ ಎಂದೇ ನನ್ನ ಸಲಹೆ.

ಬಿಹಾರದ ಜೆಹಾನಾಬಾದ್ ಜಿಲ್ಲೆಯ ಧರ್ನೈಯಲ್ಲಿ ನಡೆದದ್ದು ಕೇಳಿ. ದಶಕಗಳ ಕಾಲ ಕತ್ತಲಲ್ಲಿದ್ದ ಆ ಹಳ್ಳಿಗೆ 2014ರಲ್ಲಿ 100 ಕಿಲೋವಾಟ್‌ನ ಸೌರ ಘಟಕ ಬಂತು. ಹಣ ಸರ್ಕಾರದ್ದಲ್ಲ, ಸ್ವಯಂಸೇವಾ ಸಂಸ್ಥೆಗಳದ್ದು. ಆದರೆ ಪಾಠ ಒಂದೇ. ಫ್ರಿಜ್, ದೊಡ್ಡ ಟಿವಿಗಳ ಭಾರವನ್ನು ಅದು ಹೊರುವಂತಿರಲಿಲ್ಲ. ಮುಖ್ಯಮಂತ್ರಿ ಊರಿಗೆ ಬಂದಾಗ ಕೆಲವರು ನಮಗೆ ಅಸಲಿ ಕರೆಂಟ್ ಬೇಕು ಎಂದರು. ಆಮೇಲೆ ಸರ್ಕಾರದ ಗ್ರಿಡ್, ಅಂದರೆ ವಿದ್ಯುತ್ ಜಾಲ, ಬಂತು, ಅದರ ದರ ಸೌರ ವಿದ್ಯುತ್ತಿಗಿಂತ ಕಡಿಮೆಯಿತ್ತು. ಜನ ಅತ್ತ ವಾಲಿದರು, ಬ್ಯಾಟರಿಗಳು ಸತ್ತವು, ಘಟಕ ನಿಂತುಹೋಯಿತು. ತಂತ್ರಜ್ಞಾನದಲ್ಲಿ ದೋಷವಿರಲಿಲ್ಲ. ಗ್ರಿಡ್ ಬಂದರೆ ಘಟಕದ ಗತಿ ಏನು ಎಂಬುದಕ್ಕೆ ಉತ್ತರ ಇರಲಿಲ್ಲ, ಅಷ್ಟೇ.

ಆ ಉತ್ತರ ನೇಪಾಳದಲ್ಲಿ ಒಂದಿಷ್ಟು ಸಿಕ್ಕಿದೆ. ನುವಾಕೋಟ್ ಜಿಲ್ಲೆಯ ಸ್ಯಾವುರೇಭೂಮಿಯ 23 ಕಿಲೋವಾಟ್‌ನ ಪುಟ್ಟ ಜಲವಿದ್ಯುತ್ ಘಟಕವನ್ನು 2018ರಲ್ಲಿ ರಾಷ್ಟ್ರೀಯ ಗ್ರಿಡ್‌ಗೆ ಜೋಡಿಸಿದರು. ಬಳಸಿ ಉಳಿದದ್ದನ್ನು ಈಗ ಮಾರಬಹುದು. ಹಾಗಾಗಿ ಗ್ರಿಡ್‌ಗೆ ಜೋಡಿಸುವ ಅನುಮತಿ ಮತ್ತು ಅದಕ್ಕೆ ಬೇಕಾದ ಉಪಕರಣದ ಖರ್ಚು ಎರಡನ್ನೂ ಅರ್ಜಿಯಲ್ಲೇ ಸೇರಿಸಿ. ಆಮೇಲೆ ನೋಡೋಣ ಎಂದರೆ ಆ ಆಮೇಲೆ ಬರುವುದೇ ಇಲ್ಲ.

ಇನ್ನು ಹಂಗಿನ ಮಾತು. ಪೂರ್ತಿ ತಂತಿ ಕತ್ತರಿಸಿಕೊಂಡು ಬದುಕುವುದು ಆಗದ ಕೆಲಸವೇನಲ್ಲ, ಆದರೆ ಶಿಸ್ತು ಬೇಕು. ಸ್ಕಾಟ್ಲೆಂಡಿನ ಐಗ್ ದ್ವೀಪ 2008ರಿಂದ ನೀರು, ಗಾಳಿ, ಬಿಸಿಲಿನ ತನ್ನದೇ ಸಣ್ಣ ಗ್ರಿಡ್‌ನಲ್ಲಿ ನಡೆಯುತ್ತಿದೆ. ಅಲ್ಲಿ ಯಾವ ಮನೆಯೂ ಒಂದೇ ಸಲಕ್ಕೆ 5 ಕಿಲೋವಾಟ್ ಮೀರಿ ಎಳೆಯುವಂತಿಲ್ಲ. ವ್ಯಾಪಾರದ ಜಾಗಗಳಿಗೆ 10. ಆಪತ್ಕಾಲಕ್ಕೆ ಡೀಸೆಲ್ ಜನರೇಟರ್ ಇದ್ದೇ ಇದೆ. ಗಾಳಿಯಂತ್ರಗಳಿಂದ ತನ್ನ ವಿದ್ಯುತ್ ತಾನೇ ಮಾಡಿಕೊಳ್ಳುವ ಡೆನ್ಮಾರ್ಕಿನ ಸ್ಯಾಮ್ಸೊ ದ್ವೀಪ ಇನ್ನೂ ಪ್ರಸಿದ್ಧ. ಆದರೆ ಅದು ಮುಖ್ಯ ಭೂಭಾಗದ ಕೇಬಲ್ ಕಡಿದುಕೊಂಡಿಲ್ಲ. ಗಾಳಿ ಹೆಚ್ಚಾದಾಗ ಕಳಿಸುತ್ತದೆ, ಕಡಿಮೆಯಾದಾಗ ತರಿಸಿಕೊಳ್ಳುತ್ತದೆ. ಗ್ರಿಡ್ ಹತ್ತಿರದಲ್ಲಿದ್ದರೆ ನಿಮಗೂ ಈ ದಾರಿಯೇ ಅಗ್ಗ.

ಪ್ರಶ್ನೆ: ಅನುದಾನಕ್ಕೆ ಊರಿನವರ ಪಾಲೂ ಇರಬೇಕು ಎಂಬ ಷರತ್ತಿದೆ. ಬಡವರೇ ಹೆಚ್ಚಿರುವ ಕಡೆ ಇದು ಅನ್ಯಾಯವಲ್ಲವೇ?

ಉತ್ತರ: ಪಾಲು ಹಣವೇ ಆಗಬೇಕು ಎಂದಿದ್ದರೆ ಅನ್ಯಾಯವೇ. ಆದರೆ ಪಾಲೇ ಬೇಡ ಎನ್ನುವುದನ್ನು ನಾನು ಒಪ್ಪುವುದಿಲ್ಲ. ನೇಪಾಳದ ಕಿರು ಜಲವಿದ್ಯುತ್ ಯೋಜನೆಗಳಲ್ಲಿ ಹಳ್ಳಿಗರು ಕಾಲುವೆ ತೋಡಿ, ಕಂಬ ಹೊತ್ತು ತಮ್ಮ ಪಾಲು ಕೊಟ್ಟರು. ಜರ್ಮನಿಯ ಫೆಲ್ಡ್‌ಹೈಮ್ ಎಂಬ ಪುಟ್ಟ ಹಳ್ಳಿ 2010ರಲ್ಲಿ ತನ್ನದೇ ವಿದ್ಯುತ್ ಜಾಲ ಹಾಕಿಕೊಂಡಾಗ ಸರ್ಕಾರದ ಸಹಾಯಧನವೂ ಇತ್ತು, ಮನೆಗೆ 3,000 ಯೂರೋ ಪಾಲೂ ಇತ್ತು. ಕೈಯಿಂದ ಕೊಟ್ಟವರು ಲೆಕ್ಕ ಕೇಳಲು ಸಭೆಗೆ ಬರುತ್ತಾರೆ. ಶ್ರಮ, ಜಾಗ, ಸ್ಥಳದಲ್ಲೇ ಸಿಗುವ ಕಲ್ಲು, ಮರಳು ಇವನ್ನು ಪಾಲೆಂದು ಪರಿಗಣಿಸುತ್ತೀರಾ ಎಂದು ಇಲಾಖೆಯನ್ನು ಬರಹದಲ್ಲಿ ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ.

ಇನ್ನೊಂದು ಮಾತು, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ: ಎಷ್ಟೋ ಅನುದಾನಗಳಲ್ಲಿ ಮೊದಲು ನೀವು ಖರ್ಚು ಮಾಡಬೇಕು, ಬಿಲ್ಲು ಕೊಟ್ಟ ಮೇಲೆ ಹಣ ಬರುತ್ತದೆ. ಈ ನಡುವಿನ ತಿಂಗಳುಗಳಿಗೆ ಸಾಲ ಎಲ್ಲಿಂದ, ಬಡ್ಡಿ ಯಾರ ತಲೆಗೆ ಎಂಬುದನ್ನು ಅರ್ಜಿಗೆ ಮುಂಚೆಯೇ ತೀರ್ಮಾನಿಸಿ.

ಪ್ರಶ್ನೆ: ಘಟಕದಿಂದ ಆದಾಯ ಬಂದರೆ ಕರೆಂಟ್ ಬಿಲ್ ಇಳಿಸಬೇಕೇ, ಶಾಲೆ, ರಸ್ತೆಯಂಥ ಊರಿನ ಕೆಲಸಕ್ಕೆ ಹಾಕಬೇಕೇ?

ಉತ್ತರ: ಎರಡಕ್ಕೂ ಮುಂಚೆ ಘಟಕದ ದುರಸ್ತಿ ನಿಧಿ ತುಂಬಲಿ. ಆಮೇಲಿನದು ಊರಿನ ಇಷ್ಟ. ಆದರೂ ನನ್ನ ಒಲವು ಕೇಳಿದರೆ, ಬಿಲ್ ಇಳಿಸುವುದು ಬೇಡ. ಅದರಿಂದ ಹೆಚ್ಚು ಲಾಭವಾಗುವುದು ಹೆಚ್ಚು ಕರೆಂಟ್ ಬಳಸುವವರಿಗೆ, ಅಂದರೆ ಸಾಮಾನ್ಯವಾಗಿ ಉಳ್ಳವರಿಗೆ. ಸ್ಕಾಟ್ಲೆಂಡಿನ ಗಿಘಾ ದ್ವೀಪದವರು ಸೆಕೆಂಡ್ ಹ್ಯಾಂಡ್ ಗಾಳಿಯಂತ್ರ ಮೂರನ್ನು ಅನುದಾನ, ಸಾಲ ಎರಡೂ ಸೇರಿಸಿ ಕೊಂಡರು. ಗ್ರಿಡ್‌ಗೆ ಮಾರಿ ಬಂದ ಹಣದಲ್ಲಿ ಸಾಲ ತೀರಿಸಿ, ಯಂತ್ರ ಬದಲಿಸಲು ಒಂದಿಷ್ಟು ಎತ್ತಿಟ್ಟು, ಉಳಿದದ್ದನ್ನು ದ್ವೀಪದ ಶಿಥಿಲ ಮನೆಗಳ ದುರಸ್ತಿಗೆ ಹಾಕಿದರು. ಸಂದು ಮುಚ್ಚಿದ ಮನೆಗೆ ಚಳಿಗಾಲದಲ್ಲಿ ಕಡಿಮೆ ಶಕ್ತಿ ಸಾಕು. ಹೀಗೆ ಬಿಲ್ಲೂ ತಾನಾಗಿ ಇಳಿಯುತ್ತದೆ. ಈ ಹಂಚಿಕೆಯ ಕ್ರಮವನ್ನು ಮೊದಲ ಆದಾಯ ಬರುವ ಮುಂಚೆಯೇ ಘಟಕ ನಡೆಸುವ ಸಂಘದ ಬೈಲಾದಲ್ಲಿ ಬರೆಸಿ. ಹಣ ಖಾತೆಗೆ ಬಿದ್ದ ಮೇಲೆ ನಡೆಯುವ ಚರ್ಚೆ ಬೇರೆಯದೇ ಆಗಿರುತ್ತದೆ.