ಪ್ರತಿಕ್ರಿಯೆ: ಗಿಟಾರ್‌ನಲ್ಲಿ ಎಫ್ ಕಾರ್ಡ್ ಬಂದಾಗ ಹಾಡು ನಿಂತುಹೋಗುತ್ತಿದೆ
ನಿಮ್ಮ ಹಾಡಿನಲ್ಲಿ ಸಿ, ಎ ಮೈನರ್, ಎಫ್, ಜಿ ನಾಲ್ಕೇ ಕಾರ್ಡ್ (ಒಟ್ಟಿಗೆ ಬಾರಿಸುವ ಸ್ವರಗಳ ಗುಂಪು) ಇವೆ, ವಿಡಿಯೋ ನೋಡಿಕೊಂಡು ಬಾರಿಸುವಾಗ ಎಫ್ ಬಂದ ಕೂಡಲೇ ಅದು ಮುಂದೆ ಹೋಗಿಬಿಡುತ್ತದೆ ಎಂದಿದ್ದೀರಿ. ಕಲಿಯಲು ಶುರುಮಾಡಿ ಎರಡು ತಿಂಗಳಿಗೆ ಇದು ಸಹಜ. ಗಿಟಾರ್ ಬಿಡಬೇಡಿ, ದಯವಿಟ್ಟು.

ಸದ್ಯಕ್ಕೆ ಪೂರ್ತಿ ಎಫ್ ಬೇಡ. ಅದರ ಬದಲು ಹಿಡಿಯಲು ಸುಲಭವಾದ ಎಫ್ ಮೇಜರ್ ಸೆವೆನ್ ಹಿಡಿಯಿರಿ. ಸಿ ಹಿಡಿದಾಗ ತೋರುಬೆರಳು ಕೆಳಗಿನಿಂದ ಎರಡನೇ ತಂತಿಯ ಮೊದಲ ಫ್ರೆಟ್ಟಿನಲ್ಲಿ (ಗಿಟಾರ್ ಕತ್ತಿನ ಮೇಲಿನ ಲೋಹದ ಪಟ್ಟಿಗಳ ನಡುವಿನ ಮನೆ) ಇರುತ್ತದೆ ಅಲ್ವಾ? ಅದನ್ನು ಎತ್ತಲೇಬೇಡಿ. ಮಧ್ಯದ ಬೆರಳು, ಉಂಗುರ ಬೆರಳು ಎರಡನ್ನೂ ಅದೇ ಫ್ರೆಟ್ಟಿನಲ್ಲಿ ಒಂದೊಂದು ತಂತಿ ಕೆಳಗೆ ಇಳಿಸಿ, ಅಷ್ಟೇ. ಮೇಲಿನ ಎರಡು ದಪ್ಪ ತಂತಿ ಮಾತ್ರ ಬಾರಿಸಬೇಡಿ. ಸಿಯಿಂದ ಎ ಮೈನರ್‌ಗೆ ಹೋಗುವಾಗ ಇನ್ನೂ ಸುಲಭ, ಉಂಗುರ ಬೆರಳೊಂದೇ ಜಾಗ ಬದಲಿಸುತ್ತದೆ.

ಇನ್ನೊಂದು ದಾರಿ ಕೇಪೋ, ಅಂದರೆ ಎಲ್ಲ ತಂತಿಗಳನ್ನೂ ಒಂದೇ ಫ್ರೆಟ್ಟಿನಲ್ಲಿ ಒತ್ತಿ ಹಿಡಿಯುವ ಕ್ಲಿಪ್. ಐದನೇ ಫ್ರೆಟ್ಟಿಗೆ ಹಾಕಿ ಜಿ, ಇ ಮೈನರ್, ಸಿ, ಡಿ ಹಿಡಿದರೆ ಅದೇ ಶ್ರುತಿ ಸಿಗುತ್ತದೆ, ಎಫ್ ಬರುವುದೇ ಇಲ್ಲ. ದನಿ ಸ್ವಲ್ಪ ತೆಳುವಾಗಿ ಕೇಳಿಸಬಹುದು. ನನಗಂತೂ ಮೊದಲನೆಯದೇ ಇಷ್ಟ, ಯಾಕೆಂದರೆ ಮುಂದೆ ನಿಜವಾದ ಎಫ್ ಕಲಿಯಲು ಬೆರಳು ಆಗಲೇ ಸಿದ್ಧವಾಗಿರುತ್ತದೆ.

ವಿಡಿಯೋದ ವೇಗ 0.75ಕ್ಕೆ ಇಳಿಸಿ, ಕಷ್ಟವಾದರೆ 0.5. ಯೂಟ್ಯೂಬ್‌ನಲ್ಲಿ ವೇಗ ಇಳಿಸಿದರೂ ಶ್ರುತಿ ಬದಲಾಗುವುದಿಲ್ಲ. ಇಡೀ ಹಾಡನ್ನು ಸುಮ್ನೆ ಮತ್ತೆ ಮತ್ತೆ ಬಾರಿಸಬೇಡಿ. ಸಿಯಿಂದ ಎಫ್, ಎಫ್‌ನಿಂದ ಜಿ, ಈ ಎರಡನ್ನೇ ದಿನಕ್ಕೆ ಐದು ನಿಮಿಷ ಮಾಡಿ. ಬೆರಳು ತಡವಾದರೂ ಬಲಗೈ ತಾಳ ನಿಲ್ಲಿಸಬಾರದು. ಒಂದು ಏಟು ತಪ್ಪಿದರೆ ತಪ್ಪಲಿ.

ಎರಡು ವಾರ ಮಾಡಿ ನೋಡಿ ಹೇಳಿ, ಆಮೇಲೆ ಸ್ಟ್ರಮ್ಮಿಂಗ್ (ಬಲಗೈಯಿಂದ ತಂತಿ ಬಾರಿಸುವ ರೀತಿ) ನೋಡೋಣ.