ಊಟ ಶುರುವಾದ ಮೇಲೆ ಕಾಲು ಊದಿದರೆ

ಪ್ರಶ್ನೆ: ಮಗಳಿಗೆ 19 ವರ್ಷ. ದಪ್ಪಗಾಗುತ್ತೇನೆಂಬ ಭಯಕ್ಕೆ ಉಣ್ಣುತ್ತಿರಲಿಲ್ಲ, ತಿಂದದ್ದನ್ನೂ ವಾಂತಿ ಮಾಡುತ್ತಿದ್ದಳು. ಚಿಕಿತ್ಸೆ ಶುರುವಾಗಿ 10 ದಿನದಿಂದ ಊಟ ಮಾಡುತ್ತಿದ್ದಾಳೆ, ವಾಂತಿ ನಿಂತಿದೆ. ಈಗ ಪಾದ ಊದಿ 3 ಕೆಜಿ ಏರಿದೆ. ಹೆದರಿ ಮತ್ತೆ ತಟ್ಟೆ ತಳ್ಳುತ್ತಿದ್ದಾಳೆ. ಪರಿಚಯದವರು ನೀರಿನ ಮಾತ್ರೆ (ಮೂತ್ರ ಹೆಚ್ಚಿಸಿ ನೀರು ಹೊರಹಾಕುವ ಮಾತ್ರೆ) ಕೊಡಿ ಎನ್ನುತ್ತಾರೆ. ಕೊಡಲೇ?
– ಒಬ್ಬ ತಾಯಿ, ಬಸವನಗುಡಿ

ಉತ್ತರ: ಬೇಡಮ್ಮ, ಖಂಡಿತ ಬೇಡ. ಏರಿದ ತೂಕದಲ್ಲಿ ಬಹುಪಾಲು ನೀರು, ಬೊಜ್ಜಲ್ಲ. ಕಣಕಾಲಿನ ಮೇಲೆ ಮೂಳೆಗೆ ತಾಗುವಂತೆ ಹೆಬ್ಬೆರಳನ್ನು 10 ಸೆಕೆಂಡ್ ಒತ್ತಿ ಬಿಡಿ. ಗುಳಿ ಹಾಗೇ ಉಳಿದರೆ ಅದು ನೀರು. ಇದನ್ನು ಮಗಳಿಗೂ ತೋರಿಸಿ.

ಪದೇ ಪದೇ ವಾಂತಿಯಾದಾಗ ದೇಹ ಉಪ್ಪು, ನೀರು ಕಳೆದುಕೊಳ್ಳುತ್ತದೆ. ಅದನ್ನು ಹಿಡಿದಿಡಲು ಆಲ್ಡೊಸ್ಟೆರಾನ್ ಎಂಬ ಹಾರ್ಮೋನ್ ಏರುತ್ತದೆ. ವಾಂತಿ ನಿಂತರೂ ಅದು ತಕ್ಷಣ ಇಳಿಯುವುದಿಲ್ಲ. ಜೊತೆಗೆ ಅನ್ನ, ಮುದ್ದೆ ಹೊಟ್ಟೆಗೆ ಬಿದ್ದೊಡನೆ ಇನ್ಸುಲಿನ್ ಹೆಚ್ಚಿ, ಮೂತ್ರಪಿಂಡ ಇನ್ನಷ್ಟು ಉಪ್ಪು ಉಳಿಸಿಕೊಳ್ಳುತ್ತದೆ. ದೇಹ ಕೂಡಿಡುವ ಸಕ್ಕರೆಯಾದ ಗ್ಲೈಕೋಜನ್ ಬರಿದಾಗಿದ್ದು ಮತ್ತೆ ತುಂಬುವಾಗ ಅದರ ಪ್ರತಿ ಗ್ರಾಮಿಗೆ ಸುಮಾರು 3 ಗ್ರಾಂ ನೀರೂ ಸೇರುತ್ತದೆ.

ನೀರಿನ ಮಾತ್ರೆ ಪೊಟ್ಯಾಸಿಯಂ ಕಳೆಯುತ್ತದೆ, ಆಲ್ಡೊಸ್ಟೆರಾನನ್ನು ಮತ್ತೆ ಕೆರಳಿಸುತ್ತದೆ. ಮಾತ್ರೆ ಬಿಟ್ಟ ಮೇಲೆ ಊತ ಇನ್ನೂ ಜೋರಾಗಿ ಮರಳುತ್ತದೆ. ಬೇಕೇಬೇಕೆನಿಸಿದರೆ ವೈದ್ಯರು ರಕ್ತ ಪರೀಕ್ಷೆ ನೋಡಿಕೊಂಡು ಕೆಲವು ದಿನ ಆಲ್ಡೊಸ್ಟೆರಾನನ್ನು ತಡೆಯುವ ಸ್ಪೈರೊನೊಲ್ಯಾಕ್ಟೋನ್ ಎಂಬ ಮಾತ್ರೆ ಕೊಡಬಹುದು, ಅದು ಅವರ ನಿರ್ಧಾರ. ಪ್ರೋಟೀನ್ ಪುಡಿಯ ಡಬ್ಬಿಗೂ ದುಡ್ಡು ಸುರಿಯಬೇಡಿ. ರಕ್ತದ ಆಲ್ಬುಮಿನ್ ಎಂಬ ಪ್ರೋಟೀನ್ ಇಳಿದರೂ ಕಾಲು ಊದುತ್ತದೆ, ಆದರೆ ಈ ಕಾಯಿಲೆಯಲ್ಲಿ ಅದು ಹೆಚ್ಚಾಗಿ ಸರಿಯಾಗಿಯೇ ಇರುತ್ತದೆ. ಇಳಿದಿದ್ದರೆ ಸೋಂಕು, ಲಿವರ್, ಮೂತ್ರಪಿಂಡದ ಕಡೆ ನೋಡಬೇಕು.

ನನಗೆ ಊತಕ್ಕಿಂತ ಚಿಂತೆ ರಕ್ತದ ರಂಜಕದ್ದು (ಫಾಸ್ಫರಸ್). ಹಸಿದ ದೇಹಕ್ಕೆ ಊಟ ಸಿಕ್ಕಾಗ ಇನ್ಸುಲಿನ್ ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂಗಳನ್ನು ಜೀವಕೋಶದೊಳಕ್ಕೆ ಎಳೆಯುತ್ತದೆ. ರಕ್ತದಲ್ಲಿ ಅವು ಕುಸಿದರೆ ಹೃದಯದ ಬಡಿತವೇ ಹದ ತಪ್ಪಬಹುದು. ಮೊದಲ ಎರಡು ವಾರ ಹೆಚ್ಚು ಅಪಾಯ, ಆದ್ದರಿಂದ ನಾಳೆಯೇ ರಕ್ತ ಕೊಡಿಸಿ. ಲ್ಯಾಬಿನಲ್ಲಿ ಎಲೆಕ್ಟ್ರೋಲೈಟ್ ಎಂದಷ್ಟೇ ಬರೆಸಿದರೆ ಸಾಮಾನ್ಯವಾಗಿ ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ಮಾತ್ರ ನೋಡುತ್ತಾರೆ. ರಂಜಕ, ಮೆಗ್ನೀಸಿಯಂ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಬೇರೆಯಾಗಿ ಬರೆಸಿ, ಇಸಿಜಿಯೂ ಇರಲಿ. ಥಯಾಮಿನ್ (ವಿಟಮಿನ್ ಬಿ1) ಕೊಡುತ್ತಿದ್ದಾರೆಯೇ ಎಂದೂ ಕೇಳಿ.

ಮನೆಯಲ್ಲಿ ಮಲಗಿದಾಗ ಕಾಲಿನಡಿ ಎರಡು ದಿಂಬು ಇಡಿ. ಉಪ್ಪಿನಕಾಯಿ, ಹಪ್ಪಳ, ಚಿಪ್ಸ್ ಸಾಕು ಮಾಡಿ. ಸಾರಿಗೆ ಉಪ್ಪು ಇರಲಿ. ನೀರನ್ನು ಒತ್ತಾಯದಿಂದ ಕುಡಿಸಲೂ ಬೇಡಿ, ತಡೆಯಲೂ ಬೇಡಿ. ತೂಕದ ಯಂತ್ರವನ್ನು ಅಟ್ಟಕ್ಕೆ ಹಾಕಿ, ತೂಕ ಆಸ್ಪತ್ರೆಯಲ್ಲಿ ಮಾತ್ರ. ಊಟ ತಪ್ಪದಿದ್ದರೆ ಊತ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಇಳಿಯುತ್ತದೆ. ಬಿಟ್ಟು ಬಿಟ್ಟು ತಿಂದರೆ ಪ್ರತಿ ಸಲವೂ ಹೊಸದಾಗಿ ಶುರು.

ಉಸಿರು ಕಟ್ಟುವುದು, ಎದೆ ಡವಡವ, ತಲೆಸುತ್ತಿ ಬೀಳುವುದು, ಮಂಕು, ಇಲ್ಲವೇ ಒಂದೇ ಕಾಲು ಊದಿ ನೋಯುವುದು ಕಂಡರೆ ರಾತ್ರಿಯಾದರೂ ಎಮರ್ಜೆನ್ಸಿಗೆ ಕರೆದೊಯ್ಯಿರಿ. ತಟ್ಟೆ ಮುಂದೆ ಹಟ ಹಿಡಿದ ದಿನ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ಗೆ, 14416ಕ್ಕೆ, ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.