ಧ್ವನಿಮುದ್ರಣಕ್ಕೂ ಪ್ರಸಾರಕ್ಕೂ ನಡುವೆ ಒಂದು ವಾರ

ಹದಿಹರೆಯದವರಿಗೆ ಮಾಧ್ಯಮ ಕಾರ್ಯಾಗಾರ ನಡೆಸುವವರ ಬಗ್ಗೆ ನನಗೆ ಗೌರವವಿದೆ. ಆದರೆ ಅಂಥ ಕಾರ್ಯಾಗಾರ ಮುಗಿಸಿ ಬಂದ ಮಕ್ಕಳಲ್ಲಿ ಒಂದೇ ಬಗೆಯ ಸಂಕಟವನ್ನು ಮತ್ತೆ ಮತ್ತೆ ಕಾಣುತ್ತಿದ್ದೇನೆ. ಆದ್ದರಿಂದ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಹುಡುಗಿಯೂ ಆಕೆಯ ತಾಯಿಯೂ ಇದಕ್ಕೆ ಒಪ್ಪಿದ್ದಾರೆ.

ಆಕೆ ಪ್ರಥಮ ಪಿಯುಸಿ ವಿದ್ಯಾರ್ಥಿನಿ. ಸಮುದಾಯ ಬಾನುಲಿ, ಅಂದರೆ ಸ್ಥಳೀಯರಿಗಾಗಿ ನಡೆಯುವ ಚಿಕ್ಕ ರೇಡಿಯೋ ಕೇಂದ್ರವೊಂದರ ಯುವ ಕಾರ್ಯಕ್ರಮಕ್ಕೆ ಆಯ್ಕೆಯಾಗಿದ್ದಳು. ನಿಮ್ಮ ಬದುಕಿನ ಕಥೆಯನ್ನೇ ಹೇಳಿ ಎಂದಾಗ ಅಪ್ಪನ ಕುಡಿತ, ಅಮ್ಮ ತಿನ್ನುವ ಏಟು ಎಲ್ಲವನ್ನೂ ಮೈಕಿನ ಮುಂದೆ ಹೇಳಿಬಿಟ್ಟಳು. ಅಲ್ಲಿದ್ದವರು ಕಣ್ಣೊರೆಸಿಕೊಂಡರು, ಚಪ್ಪಾಳೆ ತಟ್ಟಿದರು. ಅಂದಿನಿಂದ ಆಕೆಗೆ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ. ಆಪ್ತಸಮಾಲೋಚಕಿಯಾದ ನನ್ನ ಬಳಿಗೆ ಉಪನ್ಯಾಸಕಿಯೊಬ್ಬರು ಕರೆತಂದರು. ಮೊದಲ ಭೇಟಿಯೆಲ್ಲ ಮನೆಯಲ್ಲಿ ಆಕೆ ಎಷ್ಟು ಸುರಕ್ಷಿತಳು ಎಂದು ತಿಳಿಯುವುದಕ್ಕೆ, 1098 ಮಕ್ಕಳ ಸಹಾಯವಾಣಿ ಮತ್ತು ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ನೆರವಿನ ದಾರಿ ತೋರಿಸುವುದಕ್ಕೆ ಹೋಯಿತು.

ಎರಡನೆಯ ಭೇಟಿಗೆ, ಇನ್ನೂ ಪ್ರಸಾರವಾಗದಿದ್ದ ಆ ಧ್ವನಿಮುದ್ರಣವನ್ನು ಮೊಬೈಲಿನಲ್ಲಿ ತಂದಿದ್ದಳು. "ಇಬ್ಬರೂ ಕೇಳೋಣ, ಎಲ್ಲಿ ಸಾಕೆನಿಸುತ್ತದೋ ಅಲ್ಲಿ ನಿಲ್ಲಿಸು" ಎಂದೆ. ಅಮ್ಮನ ಬಳೆ ಒಡೆದ ರಾತ್ರಿಯ ಮಾತು ಬರುತ್ತಿದ್ದಂತೆ ನಿಲ್ಲಿಸಿದಳು.

"ಹೆಸರು ಬದಲಿಸಿದ್ದಾರೆ ಮೇಡಂ. ಆದರೆ ನನ್ನ ಧ್ವನಿ ನಮ್ಮ ಬೀದಿಗೆಲ್ಲ ಗೊತ್ತು. ಸಂಜೆ ಹೂ ಕಟ್ಟುತ್ತಾ ಅಮ್ಮನೂ ಅದೇ ರೇಡಿಯೋ ಕೇಳುತ್ತಾರೆ."

"ಅಮ್ಮನಿಗೆ ಹೇಳಿದ್ದೀಯಾ?"

"ಇಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಲ್ಲರೂ ನನ್ನನ್ನು ಧೈರ್ಯವಂತೆ ಎಂದರು. ಈಗ ಬೇಡ ಎಂದರೆ ಹೇಡಿ ಎನ್ನುವುದಿಲ್ಲವೇ?" ಎಂದಳು.

ಹದಿನಾರರ ಹುಡುಗಿ ತನ್ನ ಮನೆಯ ಮಾತನ್ನು ಹಿಂದಕ್ಕೆ ಪಡೆಯಲು ಹೆದರುವಂತೆ ಮಾಡಿದ್ದು ಆ ಚಪ್ಪಾಳೆ. ಬೇಡವೆನ್ನುವುದಕ್ಕೂ ಅಷ್ಟೇ ಧೈರ್ಯ ಬೇಕು ಎಂದೆ. ಪ್ರಸಾರ ನಿಲ್ಲಿಸಲು ಆಕೆಯೇ ಕೇಂದ್ರಕ್ಕೆ ಕರೆ ಮಾಡಬೇಕು, ಕಾರಣ ಕೊಡಬೇಕಾಗಿಲ್ಲ ಎಂಬುದು ನನ್ನ ಸಲಹೆ. "ನನ್ನ ಧ್ವನಿಮುದ್ರಣ ಪ್ರಸಾರವಾಗುವುದು ಬೇಡ, ಅಳಿಸಿಬಿಡಿ" ಎಂಬ ಒಂದೇ ವಾಕ್ಯವನ್ನು ಅಲ್ಲಿಯೇ ಅಭ್ಯಾಸ ಮಾಡಿದೆವು. ಮೊದಲು ಗೊಣಗಿದಳು. ಕೊನೆಗೆ ತಲೆಯೆತ್ತಿ ಹೇಳಿದಳು.

ನಾನು ಹುಡುಗಿಯ ಬಾಯಿ ಮುಚ್ಚಿಸುತ್ತಿದ್ದೇನೆ ಎಂದು ಕಾರ್ಯಕ್ರಮ ಸಂಯೋಜಕರು ಆಕ್ಷೇಪಿಸಿದರು. ಈ ಮಾತನ್ನು ನಾನು ಒಪ್ಪುವುದಿಲ್ಲ. ಸಮುದಾಯ ಬಾನುಲಿಯ ಪ್ರಸಾರ ಸಾಮಾನ್ಯವಾಗಿ ಹತ್ತು ಹದಿನೈದು ಕಿಲೋಮೀಟರ್ ದೂರಕ್ಕೆ ಮುಟ್ಟುತ್ತದೆ. ಮಾತನಾಡುವವರು ಯಾರೆಂದು ಕೇಳುವವರಿಗೆ ತಿಳಿದಿರುವುದೇ ಅದರ ಬಲ. ಊರಿನ ನೀರು, ರಸ್ತೆಗಳ ವಿಷಯದಲ್ಲಿ ಆ ಬಲ ಕೆಲಸಕ್ಕೆ ಬರುತ್ತದೆ. ಮನೆಯ ಹಿಂಸೆಯ ವಿಷಯದಲ್ಲಿ ಅದೇ ಅಪಾಯ, ಏಕೆಂದರೆ ಪ್ರಸಾರ ಮುಗಿದ ಮೇಲೆ ಆಕೆ ಹೋಗಬೇಕಾದದ್ದು ಅದೇ ಮನೆಗೆ. ರಕ್ಷಣೆ ಬೇಕಾದ ಮಗುವಿನ ಗುರುತು ಮಾಧ್ಯಮದಲ್ಲಿ ಬಯಲಾಗಬಾರದೆಂದು 2015ರ ಬಾಲ ನ್ಯಾಯ ಕಾಯ್ದೆಯ 74ನೇ ಕಲಂ ಹೇಳುತ್ತದೆ. ಹೆಸರು ಬದಲಿಸಿದ ಮಾತ್ರಕ್ಕೆ ಗುರುತು ಮರೆಯಾಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಮಕ್ಕಳ ನೋವು ಒಳ್ಳೆಯ ಕಾರ್ಯಕ್ರಮವಾಗುತ್ತದೆ ಎಂಬ ಆಸೆ ನಮ್ಮಂಥ ಹಿರಿಯರದು, ಮಕ್ಕಳದಲ್ಲ.

ಆಕೆ ರೇಡಿಯೋ ಬಿಡಲಿಲ್ಲ. ಸಂಜೆ ಕಾಲೇಜಿನ ಮುಂದೆ ನಿಲ್ಲಿಸದೆ ಹೋಗುವ ಬಸ್ಸನ್ನು ವಿಷಯವಾಗಿ ಆರಿಸಿಕೊಂಡಳು. ತಂಗುದಾಣದಲ್ಲಿ ಕಾಯುವ ಹುಡುಗಿಯರನ್ನೂ ಒಬ್ಬ ನಿರ್ವಾಹಕರನ್ನೂ ಮಾತನಾಡಿಸಿದಳು. ಈ ಬಾರಿ ತನ್ನ ಹೆಸರನ್ನು ತಾನೇ ಹೇಳಿಕೊಂಡಳು. ಅದೇ ದೂರನ್ನು ಪಂಚಾಯಿತಿಯ ಮಕ್ಕಳ ಗ್ರಾಮ ಸಭೆಯಲ್ಲೂ ಓದಿದಳು.

ಇಂಥ ಕಾರ್ಯಕ್ರಮ ನಡೆಸುವವರಲ್ಲಿ ನನ್ನದೊಂದು ವಿನಂತಿ. ಮನೆಯ ಕಥೆಯಿಂದ ಆರಂಭಿಸಬೇಡಿ, ಬೀದಿಯ ಪ್ರಶ್ನೆಯಿಂದ ಆರಂಭಿಸಿ. ಮಗು ತಾನಾಗಿಯೇ ಮನೆಯ ಮಾತೆತ್ತಿದರೆ ಮೈಕ್ ಆಫ್ ಮಾಡಿ ಕೇಳಿಸಿಕೊಳ್ಳಿ, ನೆರವು ಬೇಕಿದ್ದರೆ ಕೊಡಿಸಿ. ಧ್ವನಿಮುದ್ರಣಕ್ಕೂ ಪ್ರಸಾರಕ್ಕೂ ನಡುವೆ ಕನಿಷ್ಠ ಒಂದು ವಾರ ಬಿಡಿ. ಆ ವಾರದಲ್ಲಿ ಮಗುವಿಗೆ ಅದನ್ನು ಮತ್ತೊಮ್ಮೆ ಕೇಳಿಸಿ. ಬೇಡವೆಂದರೆ ಏಕೆ ಎಂದು ಕೇಳದೆ ಅಳಿಸಿಬಿಡಿ, ಮುಂದಿನ ಕಾರ್ಯಕ್ರಮಕ್ಕೆ ಮತ್ತೆ ಕರೆಯಿರಿ.